ಎಸ್ಸೆನ್: ಕಲ್ಲಿದ್ದಲಿನ ದಾರಿ ಹಿಡಿದು ಒಂದು ದಿನ

ಜರ್ಮನಿಯ ರೂರ್ ಪ್ರದೇಶಕ್ಕೆ ಒಂದೇ ದಿನ ಸಿಕ್ಕರೆ ಅದನ್ನು ಎಸ್ಸೆನ್ ನಗರದ ತ್ಸೋಲ್‌ಫೆರೈನ್ ಗಣಿಗೇ ಕೊಡಿ. 1986ರ ಡಿಸೆಂಬರ್‌ನಲ್ಲಿ ಮುಚ್ಚಿದ ಈ ಕಲ್ಲಿದ್ದಲು ಗಣಿ 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಎಸ್ಸೆನ್ ಮುಖ್ಯ ರೈಲು ನಿಲ್ದಾಣದ ನೆಲಮಾಳಿಗೆಯಿಂದ 107ನೇ ನಂಬರಿನ ಟ್ರಾಮ್ ಹತ್ತಿ. ಗೆಲ್ಸೆನ್‌ಕಿರ್ಶೆನ್ ಕಡೆಯದೇ ಬೇಕು. ಬ್ರೆಡೆನೈ ಎಂದಿದ್ದರೆ ಅದು ತದ್ವಿರುದ್ಧ ದಿಕ್ಕು. ಸ್ಟಾಂಪ್ ಆಗದ ಕಾಗದದ ಟಿಕೆಟ್ ಕೊಂಡಿದ್ದರೆ ಯಂತ್ರಕ್ಕೆ ಕೊಟ್ಟು ಮುದ್ರೆ ಒತ್ತಿಸಿಕೊಳ್ಳಿ. ಮುದ್ರೆಯಿಲ್ಲದ ಟಿಕೆಟ್ ಕೈಯಲ್ಲಿದ್ದರೂ ಇಲ್ಲದ ಲೆಕ್ಕವೇ, 60 ಯೂರೊ ದಂಡ. ಸುಮಾರು ಇಪ್ಪತ್ತು ನಿಮಿಷದಲ್ಲಿ ತ್ಸೋಲ್‌ಫೆರೈನ್ ನಿಲ್ದಾಣ ಬರುತ್ತದೆ.

ಹೆಚ್ಚಿನವರು ನೇರ ಮ್ಯೂಸಿಯಂಗೆ ನುಗ್ಗುತ್ತಾರೆ. ಅದಕ್ಕಿಂತ ಕಲ್ಲಿದ್ದಲು ಸಾಗಿದ ಕ್ರಮದಲ್ಲೇ ನೋಡಿ, ಎಲ್ಲ ಅರ್ಥವಾಗುತ್ತದೆ. ಮೊದಲು 12ನೇ ಬಾವಿಯ 55 ಮೀಟರ್ ಎತ್ತರದ ಉಕ್ಕಿನ ಗೋಪುರ. 1932ರಲ್ಲಿ ಶುರುವಾದ ಈ ಬಾವಿಯಿಂದ ದಿನಕ್ಕೆ 12,000 ಟನ್ ಕಲ್ಲಿದ್ದಲು ಮೇಲೆ ಬರುತ್ತಿತ್ತು. ಸುತ್ತಲಿನ ಕಟ್ಟಡಗಳ ಗೋಡೆಯನ್ನು ಹತ್ತಿರ ಹೋಗಿ ನೋಡಿ: ಕೆಂಪು ಬಣ್ಣದ ಉಕ್ಕಿನ ಚೌಕಟ್ಟು, ನಡುವೆ ತೆಳು ಇಟ್ಟಿಗೆ. ಭಾರ ಹೊರುವುದು ಒಳಗಿನ ಉಕ್ಕಿನ ಅಸ್ಥಿಪಂಜರ, ಇಟ್ಟಿಗೆ ಬರೀ ಹೊದಿಕೆ. ವಾಸ್ತುಶಿಲ್ಪಿಗಳಾದ ಫ್ರಿಟ್ಸ್ ಶುಪ್ ಮತ್ತು ಮಾರ್ಟಿನ್ ಕ್ರೆಮ್ಮರ್ ಗಣಿಯೊಂದಕ್ಕೆ ಇಷ್ಟು ಶಿಸ್ತಿನ ಅಂದ ಕೊಟ್ಟದ್ದು ನಿಜಕ್ಕೂ ಬೆರಗು.

ಮುಂದಿನದು ಕಲ್ಲಿದ್ದಲು ತೊಳೆಯುವ ಭಾರೀ ಕಟ್ಟಡ. ನೀರಿನಲ್ಲಿ ಕುಲುಕಿದಾಗ ಭಾರದ ಕಲ್ಲು ತಳಕ್ಕೆ, ಹಗುರ ಕಲ್ಲಿದ್ದಲು ಮೇಲಕ್ಕೆ, ಬೇರ್ಪಡಿಸುತ್ತಿದ್ದದ್ದು ಹೀಗೆ. ಈಗ ಇಲ್ಲೇ ರೂರ್ ಮ್ಯೂಸಿಯಂ ಇದೆ. ಹೊರಗಿನ ಕಿತ್ತಳೆ ಬಣ್ಣದ ಎಸ್ಕಲೇಟರ್ 24 ಮೀಟರ್ ಎತ್ತರಕ್ಕೆ ಒಯ್ಯುತ್ತದೆ, ಅಲ್ಲಿಂದ ಮೆಟ್ಟಿಲಿಳಿಯುತ್ತಾ ನೋಡಬೇಕು. ಇದಕ್ಕೇ ಎರಡು ಮೂರು ಗಂಟೆ ಇಟ್ಟುಕೊಳ್ಳಿ.

ಯಂತ್ರಗಳ ನಡುವೆ ಕರೆದೊಯ್ಯುವ ಗೈಡ್ ಪ್ರವಾಸಗಳು ಬಹುತೇಕ ಜರ್ಮನ್‌ನಲ್ಲಿರುತ್ತವೆ. ಇಂಗ್ಲಿಷ್‌ನದು ಬೇಕಿದ್ದರೆ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ದಿನ ನೋಡಿ ಕಾಯ್ದಿರಿಸಿ. ಮೆಟ್ಟಿಲು ಬಹಳ, ಗಟ್ಟಿ ಶೂ ಇರಲಿ. ಹೊರಗಿನ ಆವರಣ ಮಾತ್ರ ಉಚಿತ.

ಕೊನೆಗೆ ಕೋಕ್ ಘಟಕ. ಕೋಕ್ ಎಂದರೆ ಕಬ್ಬಿಣದ ಕುಲುಮೆಗೆ ಹಾಕುವ, ಕಲ್ಲಿದ್ದಲಿನಿಂದ ಮಾಡಿದ ಇಂಧನ. ಕಾಲು ಗಂಟೆಯ ನಡಿಗೆ. ಎಷ್ಟೋ ಜನ ದಣಿದು ಬಿಟ್ಟುಬಿಡುವ ಜಾಗ ಇದೇ. ಬಿಡಬೇಡಿ. ಗಾಳಿ ಸೋಕದಂತೆ 1,000 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ಕಲ್ಲಿದ್ದಲನ್ನು ಕೋಕ್ ಮಾಡುತ್ತಿದ್ದ 304 ಒಲೆಗಳು ಇಲ್ಲಿ ಸಾಲಾಗಿ ನಿಂತಿವೆ. 1993ರಲ್ಲಿ ಕೆಲಸ ನಿಂತಿತು.

ಇನ್ನೊಂದು ದಿನವಿದ್ದರೆ ಎಸ್6 ರೈಲಿನಲ್ಲಿ ಎಸ್ಸೆನ್-ಹ್ಯೂಗೆಲ್‌ಗೆ ಹೋಗಿ. ಉಕ್ಕಿನ ಒಡೆಯರಾದ ಕ್ರುಪ್ ಮನೆತನದ ಬಂಗಲೆ, 1873ರಲ್ಲಿ ಪೂರ್ಣಗೊಂಡದ್ದು, ಅಲ್ಲಿದೆ. ಸೋಮವಾರ ರಜೆ.