ಎರಡು ಮಣ್ಣಿನ ಗುಡ್ಡ, ಒಂದು ಗೋಲಿ: ಮೂರನೆಯ ವಾರ

ಪರಮಾಣುವಿನ ಒಳಗನ್ನು ಮಕ್ಕಳಿಗೆ ತೋರಿಸಲು ಮಾಡುತ್ತಿರುವ ಮಣ್ಣಿನ ಗುಡ್ಡ ಎರಡನೆಯ ಸಲವೂ ಬಿರುಕು ಬಿಟ್ಟಿತ್ತು. ಬೇಗ ಒಣಗಲೆಂದು ಬಿಸಿಲಿಗಿಟ್ಟದ್ದೇ ತಪ್ಪು. ಕೋಲಾರದ ಹೊರವಲಯದಲ್ಲಿ ನನಗೆ ತಿಗರಿ ಬಿಟ್ಟುಕೊಟ್ಟಿರುವ ಕುಂಬಾರ ಅಜ್ಜ, "ನೆರಳಿನಲ್ಲಿ ಒಣಗಲಿ ಮೇಷ್ಟ್ರೇ, ಗೋಣಿಚೀಲ ಹೊದಿಸಿ" ಎಂದರು. ಹಾಗೆ ಮಾಡಿದ ಮೂರನೆಯದು ಗಟ್ಟಿಯಾಗಿ ನಿಂತಿದೆ. ಒಣಗುವಾಗ ಮಣ್ಣು ಕುಗ್ಗುತ್ತದೆಂದು ತಗಡಿನ ಅಚ್ಚನ್ನೂ ಈ ಸಲ ದೊಡ್ಡದಾಗಿಯೇ ಕತ್ತರಿಸಿದ್ದೆ.

ಹೊಸದಾಗಿ ಓದುವವರಿಗೆ ಎರಡು ಮಾತು. 1897ರಲ್ಲಿ ಎಲೆಕ್ಟ್ರಾನನ್ನು ಕಂಡ ಜೆ. ಜೆ. ಥಾಮ್ಸನ್, 1904ರಲ್ಲಿ ಪರಮಾಣುವಿನ ಧನ ಆವೇಶ ಇಡೀ ಗೋಳದಲ್ಲಿ ಸಮನಾಗಿ ಹರಡಿದೆ ಎಂದರು. 1911ರಲ್ಲಿ ರುದರ್‌ಫೋರ್ಡ್, ಅದೆಲ್ಲ ನಡುವಿನ ಒಂದು ಚಿಕ್ಕ ಜಾಗದಲ್ಲಿ (ಇಂದಿನ ಮಾತಿನಲ್ಲಿ ನ್ಯೂಕ್ಲಿಯಸ್) ಸೇರಿದೆ ಎಂದರು. ಆವೇಶ ಅಷ್ಟೇ, ಹರಡಿರುವ ಬಗೆ ಮಾತ್ರ ಬೇರೆ. ಈ ವ್ಯತ್ಯಾಸವನ್ನು ಮಕ್ಕಳು ಕೈಯಾರೆ ಮುಟ್ಟಿ ನೋಡಬೇಕೆಂಬುದು ನನ್ನ ಆಸೆ. ಅದಕ್ಕೇ ಇಬ್ಬರಿಗೂ ಒಂದೊಂದು ಗುಡ್ಡ: ಪರಮಾಣುವಿನ ಧನ ಆವೇಶ, ಹೊರಗಿನಿಂದ ಬರುವ ಧನ ಆವೇಶದ ಕಣವನ್ನು ದೂರ ತಳ್ಳುತ್ತದೆ. ಗೋಲಿಯೇ ಆ ಕಣ; ಗುಡ್ಡದ ಎತ್ತರವೇ ಆ ತಳ್ಳುವಿಕೆಯನ್ನು ಮೀರಿ ಅಲ್ಲಿಗೆ ಏರಲು ಬೇಕಾದ ಶಕ್ತಿ.

ರುದರ್‌ಫೋರ್ಡ್ ಗುಡ್ಡದ ಲೆಕ್ಕ ಸರಳ. ನಡುವಿನಿಂದ ಇರುವ ದೂರವನ್ನು ಅಲ್ಲಿಯ ಎತ್ತರದಿಂದ ಗುಣಿಸಿದರೆ ಎಲ್ಲ ಕಡೆಯೂ 30 ಬರಬೇಕು. 15 ಸೆಂ.ಮೀ. ದೂರದಲ್ಲಿ ಎತ್ತರ 2, 5ರಲ್ಲಿ 6, 2ರಲ್ಲಿ 15. ಅಲ್ಲಿಗೆ ತುದಿಯನ್ನು ಚಪ್ಪಟೆ ಮಾಡಿದ್ದೇನೆ. ಗುಡ್ಡದ ಅಂಚಿನ 2 ಸೆಂ.ಮೀ. ಎತ್ತರದಷ್ಟು ಭಾಗ ಹಲಗೆಯೊಳಗೆ ಇಳಿದಿದೆ. ಮೇಲೆ ಕಾಣುವುದು 13. ಅಷ್ಟೇ ಆವೇಶವನ್ನು 15 ಸೆಂ.ಮೀ. ತ್ರಿಜ್ಯದ ಗೋಳದಲ್ಲಿ ಹರಡಿದರೆ ಥಾಮ್ಸನ್ ಗುಡ್ಡದ ನೆತ್ತಿ ಹಲಗೆಯಿಂದ ಮೇಲೇಳುವುದು ಒಂದೇ ಒಂದು ಸೆಂಟಿಮೀಟರ್! ಕಾಗದದ ಮೇಲೆ ಎಷ್ಟೋ ಸಲ ಮಾಡಿದ ಲೆಕ್ಕವಿದು. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟಾಗ ಮೈ ಜುಮ್ಮೆಂದಿತು.

ಶನಿವಾರ ಸಂಜೆ ಉರುಳಿಸಿ ನೋಡಿದೆವು. ಉದ್ದಕ್ಕೆ ಸೀಳಿದ ಪಿವಿಸಿ ಪೈಪೇ ಜಾರುಹಲಗೆ. ಗೋಲಿ ಬಿಡುವ ಎತ್ತರ 6 ಸೆಂ.ಮೀ. ಹಲಗೆಯ ಅಂಚಿನಲ್ಲಿ ಒಂದೊಂದು ಸೆಂ.ಮೀ.ಗೆ ಒಂದರಂತೆ 31 ಗುರುತು. ಥಾಮ್ಸನ್ ಗುಡ್ಡದ ಮೇಲೆ ಎಲ್ಲ ಗೋಲಿಗಳೂ ಕೊಂಚ ವಾಲಿ ಆಚೆ ಹೋದವು. ರುದರ್‌ಫೋರ್ಡ್ ಗುಡ್ಡದಿಂದ ನಡುವಿನ ಮೂರು ಗುರುತಿನವು ಮಾತ್ರ ತಿರುಗಿ ನಮ್ಮತ್ತಲೇ ಬಂದವು. ಅಕ್ಕನ ಮಗಳು ನಡುವಿನ ಗುರುತಿನಿಂದಲೇ ಮತ್ತೆ ಮತ್ತೆ ಬಿಡುತ್ತಿದ್ದಳು.

1909ರಲ್ಲಿ ಮ್ಯಾಂಚೆಸ್ಟರಿನ ರುದರ್‌ಫೋರ್ಡ್ ಪ್ರಯೋಗಾಲಯದಲ್ಲಿ ಗೈಗರ್ ಮತ್ತು ಇಪ್ಪತ್ತರ ಹರೆಯದ ವಿದ್ಯಾರ್ಥಿ ಮಾರ್ಸ್‌ಡೆನ್‌ಗೆ ಗುಡ್ಡ ಕಾಣುತ್ತಿರಲಿಲ್ಲ. ಕತ್ತಲಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಲೋಹದ ಹಾಳೆಯಿಂದ ಹಿಂದಕ್ಕೆ ಚಿಮ್ಮಿದ ಆಲ್ಫಾ ಎಂಬ ಧನ ಆವೇಶದ ಕಣಗಳು ಸತುವಿನ ಸಲ್ಫೈಡ್ ಪರದೆಯ ಮೇಲೆ ಎಬ್ಬಿಸುವ ಮಿನುಗುಗಳನ್ನು ಒಂದೊಂದಾಗಿ ಎಣಿಸಿದರು. ಸುಮಾರು ಎಂಟು ಸಾವಿರಕ್ಕೆ ಒಂದು ಕಣ ಹಿಂದಿರುಗಿತ್ತು. ಆ ಒಂದನ್ನು ಕಣ್ತಪ್ಪೆಂದು ತಳ್ಳಿಹಾಕದ ಅವರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ನನ್ನ ಮಾದರಿಯಲ್ಲಿ ಒಂದು ಕೊರತೆಯಿದೆ. ಚಿನ್ನದ ಪರಮಾಣು ಅದರ ನ್ಯೂಕ್ಲಿಯಸ್‌ಗಿಂತ ಸುಮಾರು ಇಪ್ಪತ್ತು ಸಾವಿರ ಪಟ್ಟು ಅಗಲ. ನನ್ನ ಗುಡ್ಡದ 4 ಸೆಂ.ಮೀ. ತುದಿಯನ್ನೇ ನ್ಯೂಕ್ಲಿಯಸ್ ಎಂದುಕೊಂಡರೆ ಹಲಗೆ 800 ಮೀಟರ್ ಅಗಲ ಇರಬೇಕಿತ್ತು. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ.

ಮುಂದಿನ ವಾರ ಎರಡೂ ಗುಡ್ಡಗಳ ಮೇಲೆ ರಟ್ಟಿನ ಪೆಟ್ಟಿಗೆ ಮುಚ್ಚುವ ಕೆಲಸ. ಗೋಲಿ ಒಳಹೋಗುವ, ಹೊರಬರುವ ಜಾಗ ಮಾತ್ರ ತೆರೆದಿರುತ್ತದೆ. ಗೋಲಿಯ ಜಾಡು ಮೂಡಲು ಸುತ್ತ ಸೋಸಿದ ಬೂದಿ. ಒಳಗಿರುವುದು ಯಾವ ಗುಡ್ಡವೆಂದು ಒಂಬತ್ತನೇ ತರಗತಿಯವರು ಹೇಳಬೇಕು. ಪೆಟ್ಟಿಗೆ ಸಿಕ್ಕಿದೆ, ಬೂದಿ ಇನ್ನೂ ಸೋಸಬೇಕು.