ನಾಲ್ಕು ಹಂಸಗಳ ಹೆಣಿಗೆ: ಲಿರ್‌ನ ಮಕ್ಕಳ ಚಿತ್ರಸರಣಿ ಎಲ್ಲಿಗೆ ಬಂತು

ಸರಣಿಯ ಮೂರನೆಯ ಚಿತ್ರಕ್ಕೆ ಮಸಿ ಹಾಕಿ ಆಯಿತು, ಬಣ್ಣ ಬಾಕಿ. ನಾಲ್ಕನೆಯದು ಇನ್ನೂ ಪೆನ್ಸಿಲ್ಲಿನಲ್ಲೇ ಇದೆ. ಕೆಲಸ ಮುಂದುವರಿದಂತೆ ಒಂದಿಷ್ಟು ವಿಷಯಗಳು ತೀರ್ಮಾನವಾಗಿವೆ. ಅವನ್ನು ಬರೆದಿಟ್ಟುಕೊಂಡರೆ ಬಣ್ಣಕ್ಕೆ ಕೂರುವಾಗ ಅನುಕೂಲ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಐರ್ಲೆಂಡಿನ ಪುರಾಣಗಳ ದೇವಕುಲಕ್ಕೆ ಸೇರಿದ ಲಿರ್‌ಗೆ ನಾಲ್ವರು ಮಕ್ಕಳು. ಫಿನ್ನೂಲಾ ಮತ್ತು ಏಡ್ ಅವಳಿಗಳು, ಫಿಯಕ್ರಾ ಮತ್ತು ಕಾನ್ ಇನ್ನೊಂದು ಅವಳಿ. ಎರಡನೆಯ ಹೆರಿಗೆಯಲ್ಲಿ ತಾಯಿ ತೀರಿಕೊಂಡಾಗ ಆಕೆಯ ತಂಗಿ ಈಫಾ ಮಲತಾಯಿಯಾಗಿ ಬರುತ್ತಾಳೆ. ಮಕ್ಕಳ ಮೇಲೆ ಗಂಡನಿಗಿರುವ ಅಕ್ಕರೆ ಅವಳ ಕಣ್ಣು ಕುಕ್ಕುತ್ತದೆ. ಡೆರ್ರಾವಾರಾ ಸರೋವರದಲ್ಲಿ ಸ್ನಾನಕ್ಕೆ ಇಳಿಸಿ ನಾಲ್ವರನ್ನೂ ಹಂಸಗಳನ್ನಾಗಿ ಮಾಡುತ್ತಾಳೆ. 300 ವರ್ಷ ಅಲ್ಲಿ, 300 ವರ್ಷ ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಮಾಯ್ಲ್ ಕಡಲಿನಲ್ಲಿ, 300 ವರ್ಷ ಪಶ್ಚಿಮದ ಮೇಯೋ ಕರಾವಳಿಯ ಇನಿಶ್‌ಗ್ಲೋರಾ ದ್ವೀಪದ ಬಳಿ. ರೂಪ ಹಕ್ಕಿಯದಾದರೂ ಮಾತು, ಬುದ್ಧಿ, ಹಾಡುಗಾರಿಕೆ ಅವರಲ್ಲೇ ಉಳಿಯುತ್ತವೆ.

ಮಕ್ಕಳು ಹಂಸಗಳಾಗುವ ಆ ಕ್ಷಣವನ್ನು ಮಾತ್ರ ನಾನು ಮುಟ್ಟುವುದಿಲ್ಲ ಎಂದು ಮೊದಲೇ ನಿರ್ಧರಿಸಿದ್ದೆ. ಡಬ್ಲಿನ್ನಿನ ಸ್ಮರಣೋದ್ಯಾನದಲ್ಲಿ ಅಶೀನ್ ಕೆಲ್ಲಿ ಅವರ 1971ರ ಕಂಚಿನ ಶಿಲ್ಪವಿದೆ: ಕೆಳಗೆ ಕುಸಿಯುತ್ತಿರುವ ಮನುಷ್ಯ ದೇಹಗಳು, ಮೇಲೆ ಎದ್ದು ಹೊರಟ ಹಂಸಗಳು. ಅದಾದ ಮೇಲೆ ಕಾಗದದ ಮೇಲೆ ಅದನ್ನೇ ಮತ್ತೆ ಬರೆಯುವುದರಲ್ಲಿ ಅರ್ಥ ಕಾಣಲಿಲ್ಲ. ನನಗೆ ಬೇಕಾದದ್ದು ನಂತರದ 900 ವರ್ಷ.

ಇನ್ನು ಶೈಲಿ. ಕೆಲ್ಟಿಕ್, ಅಂದರೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೆಯ ಸಂಸ್ಕೃತಿಯದು, ಎಂಬ ಹೆಸರಿನಲ್ಲಿ ಕಾಣಸಿಗುವ ಬಹಳಷ್ಟು ಚಿತ್ರಗಳಲ್ಲಿ ನಡುವೆ ಒಬ್ಬ ಸುಂದರಿ ನಿಂತಿರುತ್ತಾಳೆ, ಸುತ್ತ ಗಂಟು ಗಂಟಿನ ಅಂಚು ಇರುತ್ತದೆ. ಅಂಚು ತೆಗೆದರೆ ಅದು ಯಾವ ನಾಡಿನ ಚಿತ್ರವೂ ಆಗಬಹುದು. ಹಳೆಯ ಹಸ್ತಪ್ರತಿಗಳನ್ನು ನೋಡಿದರೆ ವಿಷಯ ಬೇರೆಯೇ. 7ನೇ ಶತಮಾನದ ಡರೋ ಗ್ರಂಥ, ಸುಮಾರು 800ರ ಕೆಲ್ಸ್ ಗ್ರಂಥ, ಎರಡೂ ಈಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿವೆ. ಅವುಗಳಲ್ಲಿ ಪ್ರಾಣಿಯೇ ಹೆಣಿಗೆಯಾಗುತ್ತದೆ. ಕತ್ತು ಪಟ್ಟಿಯಂತೆ ಉದ್ದವಾಗಿ, ಪಕ್ಕದ ಪ್ರಾಣಿಯ ಕಾಲಿನಡಿ ನುಸುಳಿ, ಬೆನ್ನ ಮೇಲೆ ಹಾದು, ಕೊನೆಗೆ ಯಾವುದೋ ಬಾಲವನ್ನು ಕಚ್ಚಿ ನಿಲ್ಲುತ್ತದೆ. ತೊಡೆಯ ಕೀಲಿನಲ್ಲಿ ಒಂದು ಸುರುಳಿ. ಅಲಂಕಾರ ಯಾವುದು, ಜೀವಿ ಯಾವುದು ಎಂದು ಬೇರ್ಪಡಿಸಲು ಹೋದರೆ ಕಣ್ಣು ಸೋಲುತ್ತದೆ. ಹಾಗಾಗಿ ನನ್ನ ಚಿತ್ರಗಳಿಗೆ ಅಂಚೇ ಇಲ್ಲ. ಹಂಸಗಳ ಕತ್ತುಗಳೇ ಎಳೆಗಳು. ಪ್ರತಿ ಹಂಸದ ಕೊಕ್ಕು ಒಂದು ರೆಕ್ಕೆಯ ತುದಿಯನ್ನು ಕಚ್ಚಿ ಎಳೆಯನ್ನು ಮುಂದುವರಿಸುತ್ತದೆ.

ಈ ಕೆಲಸದ ಹೆಚ್ಚಿನ ಸಂಜೆಗಳು ಹೋದದ್ದು ಚುಕ್ಕಿಗಳ ಲೆಕ್ಕದಲ್ಲಿ. ಚುಕ್ಕಿ ಇಟ್ಟು, ಪ್ರತಿ ಚುಕ್ಕಿಯ ಸುತ್ತ ಬಳ್ಳಿ ಎಳೆಯುವ ರಂಗೋಲಿ ಗೊತ್ತಿರುವವರಿಗೆ ಇದು ಹೊಸದೇನಲ್ಲ, ಎರಡರ ಗಣಿತವೂ ಒಂದೇ. ಆಯತಾಕಾರದಲ್ಲಿ ಚುಕ್ಕಿಗಳನ್ನಿಟ್ಟು, ಅವುಗಳ ನಡುವೆ ಓರೆಯಾಗಿ ಗೆರೆ ಎಳೆದು, ಅಂಚಿಗೆ ಬಂದಾಗ ತಿರುಗಿಸಿದರೆ ಕೊನೆಗೆ ಎಷ್ಟು ಮುಚ್ಚಿದ ಎಳೆಗಳು ಸಿಗುತ್ತವೆ? ಉದ್ದ ಅಗಲಗಳ ಚುಕ್ಕಿ ಸಂಖ್ಯೆಯ ಮ.ಸಾ.ಅ. (ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಎಷ್ಟೋ ಅಷ್ಟು. ಶಾಲೆಯಲ್ಲಿ ಬೈಸಿಕೊಂಡು ಕಲಿತ ಮ.ಸಾ.ಅ. ಹೀಗೆ ಹಂಸಗಳ ಕೆಲಸಕ್ಕೆ ಬರುತ್ತದೆಂದು ಯಾರು ಎಣಿಸಿದ್ದರು?

ಈ ಲೆಕ್ಕ ಕಥೆಗೆ ಎಷ್ಟು ಚೆನ್ನಾಗಿ ಒಗ್ಗಿತೆಂದರೆ ಇಡೀ ಸರಣಿ ಇದರ ಮೇಲೆಯೇ ನಿಂತಿದೆ. ಡೆರ್ರಾವಾರಾದಲ್ಲಿ ಮಕ್ಕಳು ಇನ್ನೂ ಸುಖವಾಗಿದ್ದಾರೆ, ಬಂಧುಗಳು ದಂಡೆಗೆ ಬಂದು ಹಾಡು ಕೇಳುತ್ತಾರೆ. ಅಲ್ಲಿಗೆ 4×4 ಚುಕ್ಕಿ. ನಾಲ್ಕು ಎಳೆ, ನಾಲ್ಕು ಹಂಸ. ಪ್ರತಿಯೊಂದೂ ತನ್ನದೇ ಓರೆ ಆಯತದಲ್ಲಿ ಸುತ್ತಿ ನಾಲ್ಕೂ ಅಂಚುಗಳನ್ನು ಒಮ್ಮೊಮ್ಮೆ ಮುಟ್ಟಿ ಬರುತ್ತದೆ. ಮಾಯ್ಲ್ ಕಡಲಿನಲ್ಲಿ ಚಳಿಗೆ ಒಂದೇ ಮುದ್ದೆಯಾಗಿ ಕೂರುತ್ತಾರೆ, ಅಲ್ಲಿಗೆ 5×7. ಒಂದೇ ಎಳೆ, ನಾಲ್ಕೂ ಕತ್ತುಗಳು ಅದರಲ್ಲೇ. (ಫೋಟೊ ಫ್ರೇಮಿನ ಅಳತೆಯೂ ಅದೇ ಆದ್ದರಿಂದ ಚೌಕಟ್ಟು ಹುಡುಕುವ ಗೋಳು ತಪ್ಪಿತು.) ಇನಿಶ್‌ಗ್ಲೋರಾದಲ್ಲಿ ಒಬ್ಬ ಸಂತ ಬೆಳ್ಳಿಯ ಸರಪಳಿಗಳನ್ನು ಮಾಡಿಸಿ ಫಿನ್ನೂಲಾ ಮತ್ತು ಏಡ್ ನಡುವೆ ಒಂದು, ಕಾನ್ ಮತ್ತು ಫಿಯಕ್ರಾ ನಡುವೆ ಒಂದು ಹಾಕುತ್ತಾನೆ. ಅಲ್ಲಿಗೆ 4×6. ಎರಡು ಎಳೆ, ಎರಡು ಅವಳಿ ಜೋಡಿ.

ಮೇಲೆ ಕೆಳಗೆ ಹಾಯಿಸುವುದು ಹೊರಗಿನಿಂದ ನೋಡುವವರಿಗೆ ಕಷ್ಟವಾಗಿ ಕಾಣುತ್ತದೆ. ನಿಜಕ್ಕೂ ಅದು ಅತಿ ಸುಲಭ. ಎಲ್ಲಿಂದ ಹೊರಟರೂ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಎಂದು ತಪ್ಪದೆ ಹೋದರೆ ಕೊನೆಯಲ್ಲಿ ಲೆಕ್ಕ ಕೂಡಿಯೇ ಬರುತ್ತದೆ. ಕಷ್ಟವಿರುವುದು ಖಾಲಿ ಜಾಗದಲ್ಲಿ. ಬರೀ ಹೆಣಿಗೆ ಚಾಪೆಯಂತಾಗುತ್ತದೆ, ಹಕ್ಕಿಯ ದೇಹಕ್ಕೆ ಜಾಗವಿರುವುದಿಲ್ಲ. ಅದಕ್ಕೆ ಎಳೆಗಳು ಹಾಯುವ ಕಡೆ ಕತ್ತರಿಸಿ, ತುದಿಗಳನ್ನು ಬೇರೆ ರೀತಿಯಲ್ಲಿ ಕೂಡಿಸಬೇಕು. 20ನೇ ಶತಮಾನದ ಆರಂಭದಲ್ಲಿ ರಾಮಿಲಿ ಆಲನ್ ಎಂಬ ವಿದ್ವಾಂಸರು ಈ ಗಂಟುಗಳೆಲ್ಲ ಸಾದಾ ಹೆಣಿಗೆಯನ್ನು ಹೀಗೆ ಒಡೆಯುವುದರಿಂದಲೇ ಹುಟ್ಟಿದವು ಎಂದು ತೋರಿಸಿದರು; ಸ್ಕಾಟ್ಲೆಂಡಿನ ಜಾರ್ಜ್ ಬೇನ್ 1951ರಲ್ಲಿ ಕಲಾವಿದರು ಕಲಿಯಬಹುದಾದ ಹಂತಗಳಾಗಿ ಇಂಥ ವಿಧಾನಗಳನ್ನು ಪ್ರಕಟಿಸಿದರು. ಒಡೆಯುವಾಗ ಎಚ್ಚರ ಬೇಕು. ಎರಡು ಬೇರೆ ಎಳೆಗಳು ಹಾಯುವ ಜಾಗದಲ್ಲಿ ಒಡೆದರೆ ಅವೆರಡೂ ಸೇರಿ ಒಂದಾಗುತ್ತವೆ. ಮೂರನೆಯ ಚಿತ್ರದಲ್ಲಿ ಹಾಗಾದರೆ ಸರಪಳಿಗಳ ಕಥೆಯೇ ಮುಗಿಯಿತು. ಆದ್ದರಿಂದ ಒಂದು ಜೋಡಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಪೆನ್ಸಿಲ್ ಹಿಡಿದು, ಪ್ರತಿ ಒಡಕಿನ ನಂತರವೂ ಬೆರಳಿನಿಂದ ಎಳೆಯನ್ನು ಪೂರ್ತಿ ಸುತ್ತಿ ಬಂದೇ ಮುಂದಿನದನ್ನು ಮುಟ್ಟಿದ್ದು.

ಹಂಸ ಯಾವ ಜಾತಿಯದು ಎಂಬುದೂ ಮುಖ್ಯ. ಐರ್ಲೆಂಡಿನ ಕೆರೆಗಳಲ್ಲಿ ವರ್ಷವಿಡೀ ಕಾಣುವ ಮ್ಯೂಟ್ ಹಂಸಕ್ಕೆ ಕಿತ್ತಳೆ ಕೊಕ್ಕು, ಅದರ ಬುಡದಲ್ಲಿ ಕಪ್ಪು ಗುಬುಟು, ಬಾಗಿದ ಕತ್ತು. ನೋಡಲು ಚೆಂದ, ಆದರೆ ಹೆಸರೇ ಹೇಳುವಂತೆ ಅದು ಹೆಚ್ಚು ಕೂಗುವ ಹಕ್ಕಿಯಲ್ಲ. ಚಳಿಗಾಲಕ್ಕೆ ಐಸ್‌ಲ್ಯಾಂಡಿನಿಂದ ಬರುವ ವೂಪರ್ ಹಂಸ ಕಹಳೆಯಂತೆ ದನಿ ತೆಗೆಯುತ್ತದೆ. ಹಾಡುವ ಮಕ್ಕಳಿಗೆ ಅದೇ ಸರಿ. ಅದರ ಕೊಕ್ಕು ಹಳದಿ, ತುದಿ ಕಪ್ಪು. ಹಳದಿ ಭಾಗ ಬೆಣೆಯಂತೆ ಮೂಗಿನ ಹೊಳ್ಳೆ ದಾಟಿ ಮುಂದೆ ಬರುತ್ತದೆ. ಕತ್ತು ನೇರ, ಹಣೆ ಇಳಿಜಾರು. ನೇರ ಕತ್ತಿನ ಹಕ್ಕಿಯನ್ನು ಗಂಟು ಹಾಕುವುದು ಪ್ರಕೃತಿಗೆ ವಿರುದ್ಧ, ಒಪ್ಪುತ್ತೇನೆ. ತಲೆಯಲ್ಲಿ ಹಕ್ಕಿಗೆ ನಿಷ್ಠೆ, ಕತ್ತಿನಲ್ಲಿ ಹಸ್ತಪ್ರತಿಗೆ ನಿಷ್ಠೆ ಎಂದು ರಾಜಿ ಮಾಡಿಕೊಂಡಿದ್ದೇನೆ.

ಎರಡನೆಯ ಚಿತ್ರಕ್ಕಾಗಿ ಕಥೆಯನ್ನು ಮತ್ತೆ ಓದುವಾಗ ಮೊದಲು ಗಮನಿಸದ ಒಂದು ಸಂಗತಿ ಸಿಕ್ಕಿತು. ಮಾಯ್ಲ್ ಕಡಲಿನ ಸೀಲ್‌ಗಳ ಬಂಡೆಯ ಮೇಲೆ ಫಿನ್ನೂಲಾ ತಮ್ಮಂದಿರನ್ನು ಕಾಯುವ ರೀತಿ ಹೀಗೆ: ಕಾನ್ ಮತ್ತು ಫಿಯಕ್ರಾ ಎರಡು ರೆಕ್ಕೆಗಳಡಿ, ಏಡ್ ಎದೆಯ ಗರಿಗಳಡಿ. ಅಲ್ಲಿಯ ಹಿಮದಲ್ಲಿ ಅವರ ಕಾಲು ಬಂಡೆಗೆ ಅಂಟಿ, ಬಿಡಿಸಿಕೊಳ್ಳುವಾಗ ಚರ್ಮವೇ ಕಿತ್ತು ಬರುತ್ತದೆ. ಶತಮಾನಗಳ ನಂತರ, ಗರಿ ಉದುರಿ ಮುದುಕರಾಗಿ ಸಾಯುವ ಹೊತ್ತಿಗೆ ಅವಳು ಕೇಳಿಕೊಳ್ಳುವ ಸಮಾಧಿಯೂ ಅದೇ ಕ್ರಮದಲ್ಲಿದೆ: ಆ ಇಬ್ಬರು ಎರಡು ಪಕ್ಕಗಳಲ್ಲಿ, ಏಡ್ ಮುಂದೆ. ಎರಡನೆಯ ಮತ್ತು ನಾಲ್ಕನೆಯ ಚಿತ್ರಗಳ ವಿನ್ಯಾಸ ಒಂದೇ ಆಗಿರಲೇಬೇಕು ಎಂದು ಆಗಲೇ ಗೊತ್ತಾಯಿತು. ಎರಡನೆಯದರ ಹೊರರೇಖೆಯನ್ನು ಲೈಟ್ ಬಾಕ್ಸಿನ ಮೇಲಿಟ್ಟು ನಾಲ್ಕನೆಯದಕ್ಕೆ ಇಳಿಸಿಕೊಂಡಿದ್ದೇನೆ. ರೆಕ್ಕೆಗಳಿದ್ದ ಕಡೆ ಈಗ ತೋಳುಗಳು, ಗರಿಗಳಿದ್ದ ಕಡೆ ಬಟ್ಟೆಯ ಮಡಿಕೆಗಳು.

ಸಮಾಧಿಗಲ್ಲಿನ ಮೇಲೆ ಅವರ ಹೆಸರುಗಳನ್ನು ಓಗಮ್ ಲಿಪಿಯಲ್ಲಿ ಕೆತ್ತಿದರೆಂದು ಕಥೆ ಹೇಳುತ್ತದೆ. ಕಲ್ಲಿನ ಅಂಚನ್ನೇ ಗೆರೆಯಾಗಿ ಬಳಸಿ, ಕೆಳಗಿನಿಂದ ಮೇಲಕ್ಕೆ ಓದುವ ಲಿಪಿಯದು. ಕಾನ್ ಎಂದು ಬರೆಯಲು ಅಂಚಿನ ಎಡಕ್ಕೆ 4 ಗೀಟು, ಅಂಚಿನ ಮೇಲೇ 2 ಕಚ್ಚು, ಆಮೇಲೆ ಬಲಕ್ಕೆ 5 ಗೀಟು, ಮತ್ತೆ ಬಲಕ್ಕೆ 5. ಅಕ್ಷರಗಳ ನಡುವೆ ತುಸು ಹೆಚ್ಚು ಅಂತರ ಬಿಡದಿದ್ದರೆ ಕೊನೆಯ ಹತ್ತೂ ಬಾಚಣಿಗೆಯ ಹಲ್ಲುಗಳಂತೆ ಕಂಡು ಯಾರೂ ಓದಲಾರರು.

ಬಣ್ಣದಲ್ಲಿ ಬಿಳಿಯನ್ನು ಹಚ್ಚುವುದಿಲ್ಲ. ಹಸ್ತಪ್ರತಿಗಳಲ್ಲಿ ಕರುವಿನ ಚರ್ಮವನ್ನೇ ಎಷ್ಟೋ ಕಡೆ ಹಾಗೆಯೇ ಬಿಟ್ಟಂತೆ ಹಂಸಗಳ ಮೈ ಬರಿಯ ಕಾಗದ. ಕೆಲ್ಸ್ ಗ್ರಂಥದ ಹಳದಿಗೆ ಬಳಸಿದ್ದು ಹರಿದಾಳ, ನಮ್ಮ ಹಳೆಯ ಚಿತ್ರಕಾರರಿಗೂ ಗೊತ್ತಿದ್ದ ಆರ್ಸೆನಿಕ್ ಖನಿಜ. ಅದರ ನೀಲಿ ಅಫ್ಘಾನಿಸ್ತಾನದ ಲಾಜವರ್ದ ಕಲ್ಲಿನದೆಂದು ಬಹುಕಾಲ ನಂಬಿದ್ದರು. ಆಮೇಲಿನ ಪರೀಕ್ಷೆಗಳಲ್ಲಿ ಆ ಕಲ್ಲಿನ ಸುಳಿವಿರಲಿಲ್ಲ, ಸಿಕ್ಕಿದ್ದು ಗಿಡದ ನೀಲಿ. ನಾನು ವಿಷದ ಸಹವಾಸಕ್ಕೆ ಹೋಗದೆ ಅದೇ ಛಾಯೆಯ ಗ್ವಾಶ್ (ಅಪಾರದರ್ಶಕ ಜಲವರ್ಣ) ಬಳಸುತ್ತೇನೆ: ಕೊಕ್ಕಿಗೆ ಹಳದಿ, ನೀರಿಗೆ ನೀಲಿ, ಹೊರರೇಖೆಯ ಸುತ್ತ ಆ ಕಾಲದ ಲಿಪಿಕಾರರ ಪದ್ಧತಿಯಂತೆ ಕೆಂಪು ಚುಕ್ಕಿಗಳ ಸಾಲು.

ಈ ಕಥೆ ಇಂದು ಉಳಿದಿರುವ ರೂಪ ಮಧ್ಯಯುಗದ ಕೊನೆಯ ಭಾಗದ್ದು, ಕೆಲ್ಸ್ ಗ್ರಂಥಕ್ಕಿಂತ ಶತಮಾನಗಳಷ್ಟು ಈಚಿನದು. ಓಗಮ್ ಕಲ್ಲುಗಳು ಅದಕ್ಕಿಂತ ಹಿಂದಿನವು. ಈ ಬೆರಕೆ ನನಗೆ ಒಪ್ಪಿಗೆ, ಏಕೆಂದರೆ ಓಗಮ್ ಕಥೆಯೊಳಗೇ ಇದೆ. ಆದರೆ ಐರ್ಲೆಂಡಿನ ಪುರಾತನ ಕಲ್ಲಿನ ಸಮಾಧಿ ನ್ಯೂಗ್ರೇಂಜಿನ ಮೂರು ಸುರುಳಿಯನ್ನು ಎಲ್ಲೂ ಸೇರಿಸುವುದಿಲ್ಲ. ಅದು ಕ್ರಿ.ಪೂ. 3200ರ ಸುಮಾರಿನದು, ಕೆಲ್ಟಿಕ್ ಭಾಷೆಗಳು ಆ ದ್ವೀಪಕ್ಕೆ ಬರುವುದಕ್ಕೂ ಬಹಳ ಮುಂಚಿನದು. ಉಂಗುರ, ಹಚ್ಚೆ, ಟೀ ಶರ್ಟುಗಳಲ್ಲಿ ಅದು ಕೆಲ್ಟಿಕ್ ಗುರುತಾಗಿಯೇ ತಿರುಗಾಡುತ್ತಿದ್ದರೂ ಸರಿ.

ಉಳಿದಿರುವುದು ಈಫಾಳ ಚಿತ್ರ. ಮಕ್ಕಳ ತಾತನ ಸ್ಥಾನದಲ್ಲಿದ್ದ ರಾಜ ಬೋವ್ ಅವಳನ್ನು ಗಾಳಿಯಲ್ಲಿ ಅಲೆಯುವ ಪಿಶಾಚಿಯನ್ನಾಗಿ ಮಾಡುತ್ತಾನೆ. ಅವಳಿಗೆ ಹೆಣಿಗೆ ಇಲ್ಲ. ಅವಳನ್ನು ಯಾರೊಂದಿಗೂ ಕಟ್ಟುವ ಎಳೆಯೇ ಕಥೆಯಲ್ಲಿಲ್ಲ. ಅವಳಿಗೆ ಹ್ಯಾರಿ ಕ್ಲಾರ್ಕ್ (1889–1931) ಅವರ ದಾರಿ ಹಿಡಿಯೋಣ ಎಂದುಕೊಂಡಿದ್ದೇನೆ. ಬಣ್ಣದ ಗಾಜಿನ ಕಿಟಕಿಗಳನ್ನೂ ಪುಸ್ತಕದ ಚಿತ್ರಗಳನ್ನೂ ಮಾಡಿದ ಈ ಡಬ್ಲಿನ್ ಕಲಾವಿದನ ಕಪ್ಪು ಬಿಳುಪು ಚಿತ್ರಗಳಲ್ಲಿ ಗಾಢ ಕಪ್ಪಿನ ಮಧ್ಯೆ ನೀಳ ಬೆರಳುಗಳು, ದೊಡ್ಡ ಕಣ್ಣುಗಳು, ಸಾಸಿವೆಯಷ್ಟು ಸಣ್ಣ ಚುಕ್ಕಿಗಳ ಹಿಂಡು. ಅಷ್ಟು ಸಣ್ಣ ಕೆಲಸಕ್ಕೆ ನನ್ನಲ್ಲಿರುವ ನಿಬ್ಬು ದಪ್ಪವಾಯಿತು. ಹೊಸದಕ್ಕೆ ಹೇಳಿದ್ದೇನೆ, ಅದು ಬರುವವರೆಗೆ ಮೂರನೆಯ ಚಿತ್ರದ ನೀಲಿ ಮುಗಿಸುತ್ತೇನೆ.