ಕಾನಮಾರಾದಲ್ಲಿ ಸೈಕಲ್ ತುಳಿಯುವುದಾದರೆ ಗಾಳಿ ಬೆನ್ನಿಗಿರಲಿ

ಐರ್ಲೆಂಡಿನ ಪಶ್ಚಿಮ ಕರಾವಳಿಯ ಕಾನಮಾರಾ ಪ್ರದೇಶದಲ್ಲಿ ಸೈಕಲ್ ತುಳಿಯಬೇಕು ಅನ್ನುವವರು ಸಾಮಾನ್ಯವಾಗಿ ಮೊದಲು ಏರು ಎಷ್ಟಿದೆ, ದಿನಕ್ಕೆ ಎಷ್ಟು ಕಿಲೋಮೀಟರ್ ಆಗುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಅದನ್ನು ಆಮೇಲೆ ಹಾಕಿ. ಮೊದಲು ಗಾಳಿ ಎತ್ತಲಿಂದ ಬೀಸುತ್ತದೆ ನೋಡಿ. ನಂದಿ ಬೆಟ್ಟ ಹತ್ತಿ ಅಭ್ಯಾಸ ಇರುವವರಿಗೆ ಇಲ್ಲಿನ ಏರುಗಳು ದೊಡ್ಡದಲ್ಲ. ಆದರೆ ಅಟ್ಲಾಂಟಿಕ್ ಕಡೆಯಿಂದ ಬರುವ ಗಾಳಿ ಎದುರಾದರೆ ಸಮತಟ್ಟು ರಸ್ತೆಯಲ್ಲೂ ಕಾಲು ಸೋತು ಹೋಗುತ್ತದೆ. ಇಲ್ಲಿ ಹೆಚ್ಚಾಗಿ ನೈಋತ್ಯದ ಗಾಳಿ. ಅಂದರೆ ದಕ್ಷಿಣದಿಂದ ಉತ್ತರಕ್ಕೆ, ಪಶ್ಚಿಮದಿಂದ ಪೂರ್ವಕ್ಕೆ ಹೋಗುವವರಿಗೆ ಅದು ಬೆನ್ನು ತಳ್ಳುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟೇ. ಗಾಲ್ವೇ ಜಿಲ್ಲೆಯ ಕ್ಲಿಫ್ಡೆನ್‌ನಲ್ಲಿ ಶುರು ಮಾಡಿ, ಮೇಯೋ ಜಿಲ್ಲೆಯ ವೆಸ್ಟ್‌ಪೋರ್ಟ್‌ನಲ್ಲಿ ಮುಗಿಸಿ. ವೆಸ್ಟ್‌ಪೋರ್ಟ್‌ಗೆ ಡಬ್ಲಿನ್‌ನಿಂದ ನೇರ ರೈಲು ಇದೆ ಅಂತ ಬಹಳ ಜನ ಅಲ್ಲಿಂದಲೇ ಹೊರಡುತ್ತಾರೆ. ಆ ರೈಲನ್ನು ವಾಪಸ್ ಬರುವಾಗಿನ ಸುಸ್ತಿಗೆ ಇಟ್ಟುಕೊಳ್ಳಿ.

ತೊಡಕು ಇರುವುದು ಕ್ಲಿಫ್ಡೆನ್ ತಲುಪುವುದರಲ್ಲಿ. ಗಾಲ್ವೇಯಿಂದ ಅಲ್ಲಿಗೆ ಒಂದು ಕಾಲದಲ್ಲಿ ರೈಲು ಓಡುತ್ತಿತ್ತು. 1895ರಲ್ಲಿ ಶುರುವಾದ ಆ ಮಾರ್ಗವನ್ನು 1935ರಲ್ಲಿ ಮುಚ್ಚಿಬಿಟ್ಟರು. ಈಗ ಬಸ್ಸೇ ಗತಿ. ಬಸ್ಸಿನ ಹೊಟ್ಟೆಯಲ್ಲಿ ಸಾಮಾನು ಇಡುವ ಜಾಗ ಖಾಲಿ ಇದ್ದರೆ ಮಾತ್ರ ಸೈಕಲ್ ಹಾಕಿಕೊಳ್ಳುತ್ತಾರೆ. ಇದೆಯೋ ಇಲ್ಲವೋ ಹೇಳುವವರು ಡ್ರೈವರ್. ನಾನು ಡಬ್ಲಿನ್‌ನಲ್ಲಿ ಕೆಲಸದಲ್ಲಿರುವವನು. ಮೈಸೂರಿನಿಂದ ಬಂದಿದ್ದ ತಮ್ಮನನ್ನು ಕರೆದುಕೊಂಡು, ಟಿಕೆಟ್ ಕೈಯಲ್ಲಿ ಹಿಡಿದು ಗಾಲ್ವೇ ನಿಲ್ದಾಣದಲ್ಲಿ ನಿಂತಿದ್ದೆ. ಮಧ್ಯಾಹ್ನದ ಬಸ್ ಬಂತು. ಡ್ರೈವರ್ ಇಳಿದು ಡಿಕ್ಕಿ ಬಾಗಿಲು ತೆಗೆದರು. ಒಳಗೆ ಎರಡೇ ಸೂಟ್‌ಕೇಸ್. ನಮ್ಮ ಸೈಕಲ್ ಕಡೆ ನೋಡಿ ಆಗಲ್ಲ ಅಂದರು, ಬಾಗಿಲು ಹಾಕಿದರು. ಚೈನಿನ ಎಣ್ಣೆ ಬೇರೆಯವರ ಬ್ಯಾಗಿಗೆ ಹತ್ತುತ್ತದೆ ಅನ್ನುವುದು ಕಾರಣ. ಟಿಕೆಟ್ ಹಣ ವಾಪಸ್ ಇಲ್ಲ. "ಅಣ್ಣಾ, ನೀನೇ ಇನ್ನೊಂದು ಸಲ ಕೇಳು" ಅಂತ ತಮ್ಮ ಅನ್ನುವಷ್ಟರಲ್ಲಿ ಬಸ್ ಹೊರಟಿತ್ತು. ಖಾಲಿ ಜಾಗ ಇಟ್ಟುಕೊಂಡು ಬಿಟ್ಟು ಹೋದರಲ್ಲ ಅನ್ನುವ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಪಕ್ಕದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಪೇಂಟ್ ಮಾಡುವವರು ನೆಲಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಶೀಟ್ ತಂದೆವು. ಮುಂದಿನ ಚಕ್ರ ಬಿಚ್ಚಿ, ಚೈನ್ ಒಳಗೆ ಬರುವ ಹಾಗೆ ಸುತ್ತಿ, ಟೇಪ್ ಹಾಕಿದೆವು. ಸಂಜೆಯ ಬಸ್ಸಿನ ಡ್ರೈವರ್ ಒಂದು ಮಾತೂ ಆಡದೆ ಹಾಕಿಕೊಂಡರು. ನೀವು ಮನೆಯಿಂದಲೇ ಅಂಥ ಶೀಟ್ ಒಯ್ಯಿರಿ. ಬಸ್ ಹೊರಡುವ ಮೊದಲ ನಿಲ್ದಾಣದಲ್ಲೇ ಹತ್ತಿ, ನಡುವೆ ಎಲ್ಲೂ ಕಾಯಬೇಡಿ. ಆದಷ್ಟು ಬೆಳಗಿನ ಬಸ್ ಹಿಡಿಯಿರಿ.

ಕ್ಲಿಫ್ಡೆನ್‌ನಲ್ಲಿ ಉಳಿಯಲು ಆಗಸ್ಟ್ ಬೇಡವೇ ಬೇಡ. ಆ ತಿಂಗಳು ಅಲ್ಲಿ ಕಾನಮಾರಾ ಪೋನಿ ಅನ್ನುವ ಗಿಡ್ಡ ತಳಿಯ ಕುದುರೆಗಳ ದೊಡ್ಡ ಪ್ರದರ್ಶನ ನಡೆಯುತ್ತದೆ. ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಮಗೆ ಸಿಕ್ಕಿದ್ದು ಛಾವಣಿ ಕೆಳಗಿನ ಒಂದು ಕೋಣೆ, 170 ಯೂರೋ. ಎದ್ದು ನಿಂತರೆ ತಲೆಗೆ ತೊಲೆ ಬಡಿಯುತ್ತಿತ್ತು. ಸೈಕಲ್ ಒಳಗೆ ತರುವ ಹಾಗಿಲ್ಲ, ರಾತ್ರಿಯಿಡೀ ಮಳೆಯಲ್ಲಿ ಬೇಲಿಗೆ ಕಟ್ಟಿದ್ದೆವು. ಕೋಣೆ ಕಾದಿರಿಸುವ ಮುಂಚೆ ಸೈಕಲ್ ಇಡಲು ಬೀಗ ಹಾಕುವ ಜಾಗ ಇದೆಯಾ ಅಂತ ಫೋನ್ ಮಾಡಿ ಕೇಳಿ. ಶೆಡ್ ಇರುವ ಹಾಸ್ಟೆಲ್, ಕಿಟಕಿಯಿಂದ ಸಮುದ್ರ ಕಾಣುವ ಹೋಟೆಲಿಗಿಂತ ಎಷ್ಟೋ ವಾಸಿ.

ಎಲ್ಲರೂ ಕ್ಲಿಫ್ಡೆನ್ ಪಕ್ಕದ ಸ್ಕೈ ರೋಡ್‌ಗೆ ಹೋಗಿ ಅನ್ನುತ್ತಾರೆ. ಚೆನ್ನಾಗಿದೆ, ಆದರೆ ಕಿರಿದಾದ ರಸ್ತೆಯಲ್ಲಿ ಬಾಡಿಗೆ ಕಾರುಗಳು ಎದುರುಬದುರಾಗಿ ರಿವರ್ಸ್ ತೆಗೆಯುತ್ತಿರುತ್ತವೆ. ಬೆಳಗ್ಗೆ ಎಂಟರ ಒಳಗೆ ಹೋಗಿ ಬನ್ನಿ. ನನಗೆ ಅದಕ್ಕಿಂತ ಇಷ್ಟವಾಗಿದ್ದು ಕ್ಲಿಫ್ಡೆನ್‌ನ ದಕ್ಷಿಣಕ್ಕಿರುವ ಬಾಗ್ ರೋಡ್. ಮರ ಇಲ್ಲ, ಮನೆ ಇಲ್ಲ, ಎರಡೂ ಕಡೆ ಕಂದು ಬಣ್ಣದ ಜೌಗು ನೆಲ, ಅದರ ತುಂಬ ಲೆಕ್ಕವಿಲ್ಲದ ಪುಟ್ಟ ಕೆರೆಗಳು. ಅಲ್ಲಲ್ಲಿ ಜನ ಪೀಟ್, ಅಂದರೆ ಜೌಗಿನಲ್ಲಿ ಗಿಡಗಂಟಿ ಕೊಳೆತು ಆದ ಉರಿಸುವ ಮಣ್ಣು, ಕಡಿದು ಒಣಗಲು ಪೇರಿಸಿರುತ್ತಾರೆ. ಒಂದನ್ನು ಕೈಗೆತ್ತಿಕೊಂಡು ನೋಡಿದೆ. ಇಟ್ಟಿಗೆಯಷ್ಟು ಉದ್ದ, ಆದರೆ ಹಗುರ. ಒಳಗಿನ ಹುಲ್ಲಿನ ಬೇರುಗಳು ಇನ್ನೂ ಹಾಗೇ ಕಾಣುತ್ತಿದ್ದವು. ಎತ್ತಿದ ಜಾಗದಲ್ಲೇ ಇಟ್ಟು ಬನ್ನಿ, ಅದು ಯಾರದೋ ಮನೆಯ ಚಳಿಗಾಲದ ಸೌದೆ.

ಅದೇ ಕಡೆ ಡೆರಿಗಿಮ್ಲಾ ಅನ್ನುವ ಜೌಗು ಪ್ರದೇಶ ಇದೆ. ನಿಲ್ಲದೆ ಅಟ್ಲಾಂಟಿಕ್ ದಾಟಿದ ಮೊದಲ ವಿಮಾನ 1919ರ ಜೂನ್ 15ರಂದು ಇಳಿದಿದ್ದು ಅಲ್ಲೇ. ಅದರಲ್ಲಿದ್ದ ಆಲ್ಕಾಕ್ ಮತ್ತು ಬ್ರೌನ್ ಹಸಿರು ಮೈದಾನ ಅಂದುಕೊಂಡು ಇಳಿಸಿದ್ದು ಕೆಸರಲ್ಲಿ. ವಿಮಾನದ ಮೂಗು ಮಣ್ಣಿಗೆ ಹೂತುಕೊಂಡಿತು, ಇಬ್ಬರೂ ಬದುಕಿದರು. ಆ ನೆಲದ ಮೇಲೆ ಒಂದು ಹೆಜ್ಜೆ ಇಟ್ಟು ನೋಡಿದರೆ ಯಾಕೆ ಹೂತುಕೊಂಡಿತು ಅಂತ ಕೂಡಲೇ ಗೊತ್ತಾಗುತ್ತದೆ.

ಕ್ಲಿಫ್ಡೆನ್‌ನಿಂದ ಲೀನಾನ್‌ಗೆ ಹೋಗುವ ಎನ್ 59 ಹೆದ್ದಾರಿ ಈ ದಾರಿಯ ಕೆಟ್ಟ ಭಾಗ. ಬದಿಯಲ್ಲಿ ಜಾಗವೇ ಇಲ್ಲದ ಕಡೆಗಳು ಜಾಸ್ತಿ, ಟೂರಿಸ್ಟ್ ಕೋಚುಗಳು ಮೈಗೆ ತಾಗುವ ಹಾಗೆ ಹೋಗುತ್ತವೆ. ಬೇಸಿಗೆಯಲ್ಲಿ ಬೇಗ ಬೆಳಕಾಗುತ್ತದೆ, ಆರಕ್ಕೇ ಹೊರಟುಬಿಡಿ. ದಾರಿಯಲ್ಲಿ ಕೆರೆ ದಂಡೆಯ ಮೇಲೆ ಕೈಲ್‌ಮೋರ್ ಅಬ್ಬೆ ಅನ್ನುವ ಕ್ರೈಸ್ತ ಸನ್ಯಾಸಿನಿಯರ ಮಠ ಸಿಗುತ್ತದೆ. ಒಳಗೆ ಹೋಗಲು ದುಡ್ಡೂ ಬೇಕು, ಸಾಲೂ ನಿಲ್ಲಬೇಕು. ಗುಂಪು ನನಗೆ ಆಗಿಬರುವುದಿಲ್ಲ. ಕೆರೆಯ ಈಚೆಯಿಂದ ಕಾಣುವ ನೋಟವೇ ಸಾಕು, ಅದಕ್ಕೆ ಟಿಕೆಟ್ ಇಲ್ಲ.

ಲೀನಾನ್ ದಾಟಿದ ಮೇಲೆ ಆರ್ 335 ರಸ್ತೆ ಹಿಡಿಯಿರಿ. ಪೂರ್ತಿ ಐರ್ಲೆಂಡಿನಲ್ಲಿ ಒಂದೇ ರಸ್ತೆ ತುಳಿಯಲು ಸಮಯ ಇದೆ ಅಂದರೆ ಇದನ್ನೇ ಆರಿಸಿಕೊಳ್ಳಿ. ಆಶ್ಲೀ ಜಲಪಾತ ದಾಟಿ, ಕಿಲರಿ ಅನ್ನುವ ಸಮುದ್ರದ ಕಿರಿದಾದ ಕೊಲ್ಲಿಯ ದಂಡೆಗುಂಟ ಸಾಗಿ, ಡೆಲ್ಫಿ ಬಳಿ ಉತ್ತರಕ್ಕೆ ತಿರುಗಿದರೆ ಡೂಲಾಕ್ ಕಣಿವೆ. ಎಡಕ್ಕೆ 814 ಮೀಟರ್ ಎತ್ತರದ ಮ್ವೀಲ್ರೇ, ಬಲಕ್ಕೆ ಶೆಫ್ರಿ ಗುಡ್ಡಗಳು, ನಡುವೆ ಕಪ್ಪು ನೀರಿನ ಕೆರೆ. ನಾವು ಹೋದಾಗ ಗಾಳಿ ಹಿಂದಿನಿಂದ ನೂಕುತ್ತಿತ್ತು. ಎದುರಿನಿಂದ ಬರುತ್ತಿದ್ದ ಜರ್ಮನ್ ದಂಪತಿ ಸೈಕಲ್ ಇಳಿದು ತಳ್ಳಿಕೊಂಡು ನಡೆಯುತ್ತಿದ್ದರು.

ಆದರೆ ಇಲ್ಲಿ ಸುಮ್ನೆ ಫೋಟೋ ತೆಗೆದು ಮುಂದೆ ಹೋಗಬೇಡಿ. 1849ರ ಮಾರ್ಚ್, ಬರಗಾಲದ ಕಾಲ. ಪರಿಹಾರ ಕೊಡಲು ಯೋಗ್ಯರೋ ಅಲ್ಲವೋ ಅಂತ ಪರೀಕ್ಷೆ ಮಾಡಲು ಅಧಿಕಾರಿಗಳು ಕಣಿವೆಯ ಉತ್ತರಕ್ಕಿರುವ ಲೂಯಿಸ್‌ಬರ್ಗ್ ಊರಿಗೆ ಬಂದರು. ಅಲ್ಲಿ ಸೇರಿದ್ದ ಹಸಿದ ಜನರನ್ನು ನೋಡದೆ ಡೆಲ್ಫಿಯ ಬಂಗಲೆಗೆ ಹೋದರು, ಬೆಳಗ್ಗೆ ಅಲ್ಲಿಗೇ ಬನ್ನಿ ಅಂದರು. ಜನ ಚಳಿಯಲ್ಲಿ ರಾತ್ರಿ ನಡೆದರು. ಅಲ್ಲಿ ಏನೂ ಸಿಗಲಿಲ್ಲ. ವಾಪಸ್ ನಡೆಯುವಾಗ ದಾರಿಯಲ್ಲೇ ಹಲವರು ಸತ್ತರು. ಉತ್ತರಕ್ಕೆ ಹೋಗುವ ನಾವು ತುಳಿಯುವುದು ಅವರು ವಾಪಸ್ ನಡೆದ ದಾರಿಯನ್ನೇ. ರಸ್ತೆ ಪಕ್ಕದಲ್ಲಿ ಒಂದು ಸಾದಾ ಕಲ್ಲಿನ ಶಿಲುಬೆ ನೆಟ್ಟಿದ್ದಾರೆ. ಅದರ ಮೇಲೆ ಗಾಂಧೀಜಿಯ ಮಾತು ಕೆತ್ತಿದೆ. ತನ್ನಂಥವರನ್ನೇ ಅವಮಾನಿಸಿ ಮನುಷ್ಯ ತನಗೆ ಗೌರವ ಬಂತು ಅಂತ ಹೇಗೆ ಅಂದುಕೊಳ್ಳುತ್ತಾನೆ ಅನ್ನುವ ಪ್ರಶ್ನೆ. ಮನೆಯಿಂದ ಇಷ್ಟು ದೂರದಲ್ಲಿ, ಕುರಿಗಳು ಬಿಟ್ಟರೆ ಯಾರೂ ಇಲ್ಲದ ಕಣಿವೆಯಲ್ಲಿ ಆ ಹೆಸರು ಓದಿ ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ.

ಲೀನಾನ್‌ನಿಂದ ಲೂಯಿಸ್‌ಬರ್ಗ್‌ಗೆ 30 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ನಡುವೆ ಅಂಗಡಿ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ, ನೀರು ಮತ್ತು ಬಾಳೆಹಣ್ಣು ಇಟ್ಟುಕೊಳ್ಳಿ. ಹೊಟ್ಟೆ ಮಾತ್ರ ಖಾಲಿ ಇರಲಿ, ಯಾಕೆಂದರೆ ಲೂಯಿಸ್‌ಬರ್ಗ್‌ನಲ್ಲಿ ಊಟ ಇದೆ. ಊರ ನಡುವಿನ ಚೌಕದಿಂದ ನಾಲ್ಕು ಹೆಜ್ಜೆ ದೂರ, ಮುಂದೆ ದಿನಸಿ ಅಂಗಡಿ, ಹಿಂದೆ ಆರೇಳು ಮೇಜು. ಬೋರ್ಡೂ ಸರಿಯಾಗಿ ಇಲ್ಲ. ಒದ್ದೆ ಬಟ್ಟೆಯಲ್ಲಿ ಒಳಗೆ ಹೋದರೆ ಯಾರೂ ಮುಖ ಸಿಂಡರಿಸಲಿಲ್ಲ. ಅಂಗಡಿಯಮ್ಮ ಕುರ್ಚಿ ಮೇಲೆ ಟವೆಲ್ ಹಾಸಿ ಕೂರಿಸಿದರು. ಸೂಪಿಗೆ ಕೋಳಿಯ ರಸ ಹಾಕಿದ್ದೀರಾ ಅಂತ ಕೇಳಿದೆ. ಈ ದೇಶದಲ್ಲಿ ತರಕಾರಿ ಸೂಪ್ ಅಂದರೂ ಸಸ್ಯಾಹಾರಿಗಳು ಇದನ್ನು ಕೇಳಲೇಬೇಕು. ಇಲ್ಲ, ಬರೀ ಆಲೂಗಡ್ಡೆ, ಈರುಳ್ಳಿ ಜಾತಿಯ ಲೀಕ್, ಕ್ಯಾರೆಟ್ ಅಂದರು. ಜೊತೆಗೆ ಎರಡು ದಪ್ಪ ಹೋಳು ಕಂದು ಸೋಡಾ ಬ್ರೆಡ್. ಈಸ್ಟ್ ಇಲ್ಲ, ಮಜ್ಜಿಗೆ ಮತ್ತು ಸೋಡಾ ಹಾಕಿ ಬೇಯಿಸುವುದು. ಬಿಸಿ ಅಕ್ಕಿರೊಟ್ಟಿ ಮೇಲೆ ಇಟ್ಟ ಹಾಗೆ ಬೆಣ್ಣೆ ಅದರ ಮೇಲೆ ಕರಗಿ ಇಳಿಯುತ್ತಿತ್ತು. ಟೀ ಅಂದರೆ ಒಂದು ಕಪ್ ಅಲ್ಲ, ಒಂದು ಕೆಟಲ್ ಪೂರ್ತಿ. ಕಡಕ್ ಟೀ, ಹಾಲು ಬೇರೆ. ಸೂಪ್ ಮುಗಿಯುವಷ್ಟರಲ್ಲಿ ಕೇಳದೆಯೇ ಇನ್ನೊಂದು ಹೋಳು ಬ್ರೆಡ್, ಮನೆಯಲ್ಲೇ ಮಾಡಿದ ಜಾಮ್. ಒಬ್ಬರಿಗೆ ಎಂಟು ಯೂರೋ ಆಗಲಿಲ್ಲ. ಕ್ಲಿಫ್ಡೆನ್‌ನಲ್ಲಿ ಇದಕ್ಕೆ ಎರಡರಷ್ಟು ಕೊಟ್ಟು, ತಣ್ಣಗಿನ ಸ್ಯಾಂಡ್‌ವಿಚ್ ತಿಂದಿದ್ದೆವು. ತಮ್ಮ ಇನ್ನೊಂದು ಬಟ್ಟಲು ಹಾಕಿಸಿಕೊಂಡ. ಮಧ್ಯಾಹ್ನ ಮೂರರ ಹೊತ್ತಿಗೆ ಸೂಪ್ ಖಾಲಿಯಾಗುತ್ತದೆ, ಅದಕ್ಕೆ ಮೊದಲೇ ಹೋಗಿ.

ಲೂಯಿಸ್‌ಬರ್ಗ್‌ನಿಂದ ವೆಸ್ಟ್‌ಪೋರ್ಟ್‌ವರೆಗೆ ಸಮುದ್ರದ ಪಕ್ಕದ ಸುಲಭ ರಸ್ತೆ. ಕ್ರೋ ಪ್ಯಾಟ್ರಿಕ್ ಬೆಟ್ಟದ ಬುಡದಲ್ಲೇ ಹೋಗುತ್ತದೆ. ಜುಲೈ ತಿಂಗಳ ಕೊನೆಯ ಭಾನುವಾರ ಮಾತ್ರ ಈ ಕಡೆ ಬರಬೇಡಿ. ಅವತ್ತು ಸಾವಿರಾರು ಜನ ಬೆಟ್ಟ ಹತ್ತುವ ಹರಕೆಯ ದಿನ, ಕೆಲವರು ಬರಿಗಾಲಲ್ಲಿ ಹತ್ತುತ್ತಾರೆ. ರಸ್ತೆ ತುಂಬ ಕಾರು, ಸೈಕಲ್ ತೂರಿಸಲೂ ಆಗುವುದಿಲ್ಲ.

ವೆಸ್ಟ್‌ಪೋರ್ಟ್‌ನಿಂದ ಆಕಿಲ್ ದ್ವೀಪದ ಕಡೆಗೆ ಹಳೆಯ ರೈಲು ದಾರಿಯಲ್ಲಿ 40 ಕಿ.ಮೀ. ಮೀರಿದ ಗ್ರೀನ್‌ವೇ, ಅಂದರೆ ಸೈಕಲ್ ಮತ್ತು ನಡಿಗೆಯವರ ದಾರಿ, ಇದೆ. ಆ ರೈಲು ನಿಂತಿದ್ದು 1937ರಲ್ಲಿ. ಕಾರಿಲ್ಲ, ಏರು ಕಡಿಮೆ, ಮಕ್ಕಳ ಜೊತೆ ಬರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಬಹಳ ಕಡೆ ರೈತರು ತಮ್ಮ ಹೊಲದ ನಡುವೆ ಹೋಗಲು ಒಪ್ಪಿ ಬಿಟ್ಟುಕೊಟ್ಟ ದಾರಿ ಅದು, ಹಾಗಾಗಿ ಗೇಟು ತೆಗೆದರೆ ಮುಚ್ಚಿ. ಇಲ್ಲೂ ಗಾಳಿಯ ಮಾತೇ. ಸೈಕಲ್ ಬಾಡಿಗೆಗೆ ಕೊಡುವವರ ವ್ಯಾನ್ ಇರುತ್ತದೆ. ವೆಸ್ಟ್‌ಪೋರ್ಟ್‌ನಿಂದ ತುಳಿದು ಹೋಗಿ ಆಕಿಲ್‌ನಲ್ಲಿ ವ್ಯಾನ್ ಹತ್ತುವವರಿದ್ದಾರೆ. ನೀವು ಉಲ್ಟಾ ಮಾಡಿ. ಬೆಳಗ್ಗೆ ವ್ಯಾನಿನಲ್ಲಿ ಆಕಿಲ್‌ಗೆ ಹೋಗಿ, ತುಳಿಯುತ್ತಾ ವೆಸ್ಟ್‌ಪೋರ್ಟ್‌ಗೆ ಬನ್ನಿ.

ಇನ್ನು ಕೆಲವು ಮಾತು. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳ ಗುಂಪಿನಲ್ಲಿ ಐರ್ಲೆಂಡ್ ಇಲ್ಲ. ಯುರೋಪ್ ಸುತ್ತಿ ಹಾಗೇ ಇಲ್ಲಿಗೂ ಬರುತ್ತೇವೆ ಅನ್ನುವವರಿಗೆ ಬೇರೆ ವೀಸಾ ಬೇಕು. ವಾಹನ ಎಡಗಡೆ, ನಮ್ಮ ಹಾಗೇ. ರಸ್ತೆಗೆ ಟಾರ್ ಸುರಿದು ಜಲ್ಲಿ ಅದುಮಿರುತ್ತಾರೆ, ತೆಳು ಟೈರಿನಲ್ಲಿ ಅಂಗೈ ಜೋಮು ಹಿಡಿಯುತ್ತದೆ, 32 ಎಂ.ಎಂ. ಟೈರ್ ಹಾಕಿಸಿ. ಗಾಳಿ ನಿಂತ ಸಂಜೆ ಕೆರೆ ಪಕ್ಕ ಕೂರಬೇಡಿ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಮುತ್ತಿಕೊಂಡು ಕಚ್ಚುತ್ತವೆ. ವೆಸ್ಟ್‌ಪೋರ್ಟ್‌ನಿಂದ ಡಬ್ಲಿನ್ ರೈಲಿನಲ್ಲಿ ಸೈಕಲ್ ಇಡುವ ಜಾಗ ಬೆರಳೆಣಿಕೆಯಷ್ಟೇ, ನಿಮ್ಮ ಸೀಟಿನ ಜೊತೆಗೇ ಅದನ್ನೂ ಕಾದಿರಿಸಿ. ಭಾನುವಾರ ಸಂಜೆಯ ರೈಲು ತುಂಬಿರುತ್ತದೆ. ಸೋಮವಾರ ಒಂದು ದಿನ ರಜೆ ಹಾಕಿ ಬೆಳಗಿನ ರೈಲಿಗೆ ಬನ್ನಿ.